ಯಾರೂ ಕಾಲಿಡದ ಛತ್ರ

ರಾಯದುರ್ಗದ ಕೋಟೆಬೆಟ್ಟದ ಬುಡದಲ್ಲಿ ಒಂದು ಹಳೆಯ ಕಲ್ಲಿನ ಛತ್ರವಿದೆ. ಚಾವಣಿ ಅರ್ಧ ಕುಸಿದಿದೆ. ಸರ್ಕಾರಿ ಕಾಗದದಲ್ಲಿ ಅದು ಪಾಳುಕಟ್ಟಡ. ಛತ್ರದ ಎದುರುಮನೆಯ ನಮ್ಮ ದೊಡ್ಡಮ್ಮ ಮಾತ್ರ ಪ್ರತಿ ಸೋಮವಾರ ಅದರ ಮುಂದಿನ ಅಂಕಣ ಗುಡಿಸಿ ನೀರು ಚಿಮುಕಿಸುತ್ತಾಳೆ. ಮಧ್ಯಾಹ್ನ ಓಣಿಯ ಹೆಂಗಸರು ಅಲ್ಲೇ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಾರೆ.

ಹೋದ ವರ್ಷ ನಗರದಿಂದ ಕಲಾವಿದರ ತಂಡವೊಂದು ಬಂತು. ಛತ್ರದೊಳಗೆ ಚಾವಣಿಯಿಂದ ನೆಲದವರೆಗೆ ಕೆಂಪು ನೂಲು ಇಳಿಬಿಟ್ಟು, ಹತ್ತು ದಿನ ಪ್ರದರ್ಶನ ಇಡುವುದಾಗಿ ಹೇಳಿದರು. ಧೂಳೂ ಕೃತಿಯ ಭಾಗ, ದಯವಿಟ್ಟು ಗುಡಿಸಬೇಡಿ ಎಂದು ತಂಡದ ಮುಖ್ಯಸ್ಥೆ ದೊಡ್ಡಮ್ಮನಿಗೆ ಕೈಮುಗಿದು ಕೇಳಿದಳು. ಬಂದವರ ಮಾತು ಮೀರಬಾರದೆಂದು ದೊಡ್ಡಮ್ಮ ಒಪ್ಪಿದಳು. ಮಜ್ಜಿಗೆಯನ್ನೂ ಕಳಿಸಿದಳು.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಬಾಗಿಲಲ್ಲಿ ನಿಲ್ಲಿಸುವ ಫಲಕದ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ‘ದಶಕಗಳಿಂದ ಮನುಷ್ಯರ ಹೆಜ್ಜೆ ಬೀಳದ ಮೌನ’ ಎಂದಿತ್ತು ಅದರಲ್ಲಿ. ಸುಳ್ಳೆಂದು ನನಗೆ ಗೊತ್ತಿತ್ತು. ಹತ್ತು ಸಾಲಿಗೆ ಯಾಕೆ ವಾದ ಎಂದುಕೊಂಡೆ. ಕೆಳಗೆ ನನ್ನ ಹೆಸರು ಬರುತ್ತದೆಂಬ ಆಸೆಯೂ ಇತ್ತು. ಬರೆದುಕೊಟ್ಟೆ.

ಉದ್ಘಾಟನೆಯ ದಿನ ದೊಡ್ಡಮ್ಮ ಒಗೆದ ಸೀರೆಯುಟ್ಟು ಬಂದಳು. ಫಲಕದ ಮುಂದೆ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಎಲ್ಲರೆದುರು, ದನಿ ಏರಿಸದೆ ನನ್ನನ್ನು ಕೇಳಿದಳು:

“ಇಲ್ಲಿ ಯಾರೂ ಕಾಲಿಟ್ಟಿಲ್ಲ ಅಂತ ನೀನ ಬರದೀಯೇನು? ಹಂಗಾದ್ರ ನಾವು ಯಾರಪ್ಪ?”

ಮುಖ್ಯಸ್ಥೆಯನ್ನು ಬದಿಗೆ ಕರೆದು ಆ ಸಾಲು ತೆಗೆಸಿ ಎಂದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, “ಜನ ಓಡಾಡ್ತಿದ್ರು ಅಂದ್ರೆ ಕೃತಿಗೆ ಅರ್ಥವೇ ಇರಲ್ಲ ಸರ್” ಅಂದಳು.

ಅವರ ನೂಲಿಗೆ ಅರ್ಥ ಬರಲಿ ಎಂದು ನಮ್ಮ ಓಣಿಯ ಹೆಂಗಸರು ಇಲ್ಲವಾಗಬೇಕೇ? ಅವರು ಕುಡಿದ ಮಜ್ಜಿಗೆ ಯಾರ ಮನೆಯದು?

ಮರುದಿನ ಬೆಳಿಗ್ಗೆ ಬಣ್ಣ, ಕುಂಚ ಒಯ್ದು ಫಲಕದ ಕೆಳಗೆ ಬರೆದೆ: ‘ಈ ಓಣಿಯ ಹೆಂಗಸರು ವಾರವಾರ ಇಲ್ಲಿ ಗುಡಿಸಿ ಕೂರುತ್ತಾರೆ.’ ಮಧ್ಯಾಹ್ನಕ್ಕೆ ಅದರ ಮೇಲೆ ಕಾಗದ ಅಂಟಿಸಿದ್ದರು. ಕಾಗದದ ಮೇಲೂ ಅದನ್ನೇ ಬರೆದೆ. ಮೂರನೆಯ ದಿನ ಫಲಕವನ್ನೇ ಎತ್ತಿಟ್ಟರು. ಗೆದ್ದೆನೆಂದು ದೊಡ್ಡಮ್ಮನಿಗೆ ಹೇಳಹೋದರೆ ಅವಳು ನಗಲಿಲ್ಲ.

“ಬರಿಯೂದಕ್ಕಿಂತ ಮುಂಚೆ ನಮ್ಮನ್ನ ಒಂದು ಮಾತು ಕೇಳಬೇಕಿತ್ತು ನೀನು” ಅಂದಳು, ಅಷ್ಟೆ.

ಈ ವರ್ಷ ಅದೇ ತಂಡದಿಂದ ಫೋನು ಬಂತು. ಮಡಕಶಿರದ ಕಡೆ, ರತ್ನಗಿರಿ ಕೋಟೆಯಲ್ಲಿ ಪ್ರದರ್ಶನವಂತೆ. ಮತ್ತೆ ಅನುವಾದ ಬೇಕಂತೆ. ಅಲ್ಲಿಯ ಜನರನ್ನು ಮಾತಾಡಿಸಿದ್ದೀರಾ ಎಂದು ಕೇಳಿದೆ. ಅಲ್ಲಿ ಯಾರೂ ಇರುವುದಿಲ್ಲ ಎಂದರು.

ಭಾನುವಾರ ಬಸ್ಸು ಹತ್ತಿ ನಾನೇ ಹೋದೆ. ಕೋಟೆಯೊಳಗಿನ ಹಾಸುಬಂಡೆಯ ಮೇಲೆ ಇಬ್ಬರು ಹೆಂಗಸರು ಹುಣಸೆಹಣ್ಣು ಒಣಹಾಕುತ್ತಿದ್ದರು. ಅವರನ್ನು ಕೇಳಿಯೇ ಒಂದು ಫೋಟೊ ತೆಗೆದು ಆ ತಂಡಕ್ಕೆ ಕಳಿಸಿದೆ. ಇಂದಿಗೂ ಉತ್ತರವಿಲ್ಲ.