ಪೂಕಳದ ಜಾಗದಲ್ಲಿ ಮರ

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲೊಂದು ಹೊಂಗೆ ಮರವಿದೆ. ಬುಡದ ಗ್ರಾನೈಟ್ ಕಲ್ಲಿನ ಮೇಲಿರುವ ಇಂಗ್ಲಿಷ್ ವಾಕ್ಯ ನನ್ನದು. ಕಾನ್ವೆಂಟಿನಲ್ಲಿ ಓದಿದವಳೆಂದು ಇಂಥದ್ದಕ್ಕೆಲ್ಲ ನನ್ನನ್ನೇ ಕರೆಯುತ್ತಾರೆ.

ಎದುರುಮನೆಯ ದಂಪತಿ ವಯನಾಡಿನಿಂದ ಬಂದು ಇಲ್ಲಿ ಬೇಕರಿ ಇಟ್ಟವರು. ಆಕೆಯನ್ನು ಬೀದಿಯೆಲ್ಲ ಚೇಚಿ ಎನ್ನುತ್ತಿತ್ತು, ಅವರ ಭಾಷೆಯಲ್ಲಿ ಅಕ್ಕ. ನನ್ನ ಇಂಗ್ಲಿಷಿಗಾಗಿ ಆಕೆ ನನ್ನನ್ನು ಮಿಸ್ ಎನ್ನುತ್ತಿದ್ದರು. ಓಣಂ ಬಂತೆಂದರೆ ಹತ್ತು ದಿನವೂ ಮನೆಮುಂದಿನ ಮೂಲೆಯಲ್ಲಿ ಪೂಕಳಂ, ಹೂವಿನ ರಂಗೋಲಿ. ನಮ್ಮ ಕಡೆಯ ಚೆಂಡುಹೂವೆಲ್ಲ ಲಾರಿ ಹತ್ತಿ ಕೇರಳಕ್ಕೆ ಹೋಗುವ ಕಾಲವದು. ಆಕೆಯ ಯಜಮಾನರು ಮಾತ್ರ ಬೇಗೂರಿನಿಂದ ಒಂದು ಮೂಟೆ ತಂದು ಇಲ್ಲೇ ಸುರಿಯುತ್ತಿದ್ದರು. ದಳ ಬಿಡಿಸಲು ನಾವೆಲ್ಲ ಕೂರುತ್ತಿದ್ದೆವು.

ಆ ಯಜಮಾನರು ಹಾರ್ಟ್ ಅಟ್ಯಾಕ್ ಆಗಿ ಹೋದರು. ಸಾವಾದ ಮನೆಯಲ್ಲಿ ಆ ವರ್ಷ ಹೂ ಹಾಕುವುದಿಲ್ಲ. ಚೇಚಿ ತಮ್ಮನ ಮನೆಗೆ ಹೋದರು. ಆ ಹಬ್ಬವೇ ಮುಗಿಯಿತೆಂದು ನಾವು ತಿಳಿದೆವು. ಯಜಮಾನರ ನೆನಪಿಗೊಂದು ಮರ ನೆಡೋಣವೆಂದು ಬೀದಿಯ ಹುಡುಗರು ಬಂದಾಗ, "ಪೂಕಳಂ ಹಾಕ್ತಿದ್ದ ಜಾಗಾನೇ ಪರ್ಫೆಕ್ಟ್" ಎಂದು ಕೋಲೂರಿ ತೋರಿಸಿದವಳು ನಾನು. ಚೇಚಿಗೊಂದು ಫೋನ್ ಮಾಡಲಿಲ್ಲ. ಸರ್‌ಪ್ರೈಸ್ ಅಂತೆ!

ಮರುವರ್ಷ ಓಣಂನ ಮೊದಲ ದಿನ, ಹಿಂದಿನ ರಾತ್ರಿಯಷ್ಟೇ ವಾಪಸ್ ಬಂದಿದ್ದ ಚೇಚಿ ಹೂವಿನ ಬುಟ್ಟಿ ಹಿಡಿದು ಹೊರಗೆ ಬಂದರು. ಸಿಮೆಂಟ್ ಕಟ್ಟೆ, ಕಬ್ಬಿಣದ ಬೇಲಿ, ಒಳಗೆ ಸಸಿ. ಕಲ್ಲನ್ನು ಓದಿ, "ಚೆನ್ನಾಗಿದೆ ಮಿಸ್" ಎಂದರು. ಆಮೇಲೆ, "ನಾನಿನ್ನು ಎಲ್ಲಿ ಹಾಕಲಿ?"

ಒಂದು ಕಡೆ ಚರಂಡಿ, ಇನ್ನೊಂದು ಕಡೆ ಬೈಕುಗಳು. ಬೇಲಿಯ ಸುತ್ತ ಹಾಕಿದರು. ಸಂಜೆಯೊಳಗೆ ಹೂವಿನ ಮೇಲೆ ಬೈಕಿನ ಚಕ್ರ ಹತ್ತಿತು. ಸಸಿಯನ್ನು ಶಿಫ್ಟ್ ಮಾಡ್ರಪ್ಪಾ ಎಂದು ಹುಡುಗರಿಗೆ ಹೇಳಿದೆ. ಅಷ್ಟರಲ್ಲಿ ಪಕ್ಕದ ಮನೆಯವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೀಪ ಇಡತೊಡಗಿದ್ದಳು.

"ಅಯ್ಯೋ, ಪೂಜೆ ಮಾಡಿದ್ ಮರ ಕೀಳಾರಾ? ಬುಡಕ್ಕೇ ಒಸಿ ಹೂ ಸುರ್ದ್‌ಬುಡಕ್ಕೇಳಿ ಚೇಚಿಗೆ, ಎಲ್ಲಾ ಒಂದೇ ಕಣಮ್ಮ" ಎಂದಳು.

ಹುಡುಗರು ನಕ್ಕರು. "ಜಾಗ ತೋರ್ಸಿದ್ದೇ ನೀವು ಆಂಟಿ."

ಮೂರು ವರ್ಷ ಹಾಗೇ ಬೇಲಿಯ ಸುತ್ತ ಹಾಕಿದರು, ಪ್ರತಿ ವರ್ಷವೂ ಚಿಕ್ಕದಾಗಿ. ಈ ಸಲ ಬಾಗಿಲೇ ತೆಗೆಯಲಿಲ್ಲ. ಜಗಲಿಯ ಮೇಲಾದರೂ ಹಾಕೋಣವೆಂದು ನಾನೇ ಹೂ ತಗೊಂಡು ಹೋದೆ. ಕಿಟಕಿಯಿಂದಲೇ ಹೇಳಿದರು: "ಬೇಡ ಮಿಸ್. ನಿಮ್ಮ ಮರಕ್ಕೆ ಹಾಕಿ."

ಸಾರಿ ಎಂದೆ. ತಲೆಯಾಡಿಸಿದರು, ಅಷ್ಟೆ.

ಮನೆ ಬಾಡಿಗೆಗೆ ಬಿಟ್ಟು ತಮ್ಮನ ಊರಿಗೇ ಹೋಗುತ್ತಾರಂತೆ. ನಿನ್ನೆ ಬ್ರೋಕರ್ ಯಾರಿಗೋ ಮನೆ ತೋರಿಸುತ್ತಿದ್ದ. ಬಾಗಿಲಿಗೇ ನೆರಳಿದೆ ಸಾರ್, ಬೇಸಿಗೇಲಿ ಬಲೇ ತಂಪು, ಎನ್ನುತ್ತಿದ್ದ.