ಅಕೇಸಾಳ ‘ಮಾಲೋ’

ನಮ್ಮಕ್ಕ ತಿತಿಲಿಯಾಗೆ ಅನುಮಾನ ಅನ್ನೋದು ಹುಟ್ಟುಗುಣ. ಪ್ರಾರ್ಥನೆಗೆ ಊರೆಲ್ಲ ಕಣ್ಣು ಮುಚ್ಚಿದರೂ ಇವಳ ಒಂದು ಕಣ್ಣು ತೆರೆದೇ ಇರುತ್ತದೆ. ಇನ್ನು ಟೋಂಗಾದಿಂದ ಬಂದ ಸೊಸೆ ಅಕೇಸಾಳನ್ನು ಬಿಟ್ಟಾಳೆಯೇ?

ಆ ಹುಡುಗಿಗೆ ಏನು ಕೊಟ್ಟರೂ ‘ಮಾಲೋ’ ಅನ್ನುತ್ತಿದ್ದಳು. ಅವರ ಊರಲ್ಲಿ ಅದು ಉಪಕಾರ ನೆನೆಯುವ ಮಾತು. ನಮ್ಮ ಫಿಜಿ ಕಡೆ ಅಜ್ಜಂದಿರು ಉಡುತ್ತಿದ್ದ ಲಂಗೋಟಿ! ಮೊದಲ ದಿನ ಮರಗೆಣಸಿನ ತಟ್ಟೆ ಹಿಡಿದು ಹಾಗಂದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಕ್ಕ ನಗಲಿಲ್ಲ. ಸಮೋವಾದ ಮೇಷ್ಟ್ರೊಬ್ಬರು, “ನಮ್ಮಲ್ಲಿ ಮಾಲೋ ಅಂದ್ರೆ ಮನೆಗೆ ಬಂದ ನೆಂಟರು” ಅಂದದ್ದೇ ತಡ, ಅದು ಅವಳ ತಲೆಯಲ್ಲಿ ಕೂತುಬಿಟ್ಟಿತು.

“ನೋಡಿದ್ಯೇನೇ? ಸ್ವಂತ ಮನೇಲಿ ಯಾರಾದ್ರೂ ತುತ್ತುತುತ್ತಿಗೂ ಉಪಕಾರ ಹೇಳ್ತಾರಾ? ಇವಳು ಗಂಟುಮೂಟೆ ಕಟ್ಟೋಳೇ.”

“ಬಿಡೇ ಅಕ್ಕ, ಪಾಪ, ಅವರಮ್ಮ ಹಾಗೆ ಕಲಿಸಿದ್ದಾಳೆ” ಅಂದರೆ ನನ್ನನ್ನೇ ತಿನ್ನೋ ಹಾಗೆ ನೋಡಿದಳು.

ಹೋದ ವರ್ಷ ಅಕ್ಕನ ಒಬ್ಬನೇ ಮಗ, ಅಕೇಸಾಳ ಗಂಡ ವಿಲಿಸೋನಿ, ಮೀನಿಗೆ ಹೋದವನು ಬರಲಿಲ್ಲ. ನೂರು ದಿನದ ಸೂತಕ ಕಳೆದ ಮೇಲೆ ಹೆಣ್ಣು ತವರಿಗೆ ಹೋದರೆ ಯಾರೂ ತಡೆಯುವಂತಿಲ್ಲ. ಮೂರು ವರ್ಷದ ಮೊಮ್ಮಗಳು ಲೂಪೆಯೂ ಹೋದಂತೆಯೇ. ಅಕ್ಕನಿಗೆ ಉಳಿದದ್ದು ಆ ಮಗುವೊಂದೇ. ಸೊಸೆಯ ಚಾಪೆ ಕೊಡವಿ ನೋಡುತ್ತಿದ್ದಳು, ದೋಣಿಯವನನ್ನು ಗುಟ್ಟಾಗಿ ವಿಚಾರಿಸುತ್ತಿದ್ದಳು.

ನೂರೊಂದನೇ ದಿನ ಬೆಳಿಗ್ಗೆ ನಮ್ಮನೆಗೆ ಓಡಿಬಂದಳು. “ಬಾರೇ ಬೇಗ! ನನ್ನ ನಾರುಗಿಡದ ಮರಿ ಕಿತ್ತು, ಒದ್ದೆ ಬಟ್ಟೇಲಿ ಸುತ್ಕೊಂಡು ಹೊರಟಿದ್ದಾಳೆ ಕಳ್ಳಿ! ಮಗೂನೂ ಕಂಕುಳಲ್ಲಿದೆ!”

ಆ ಗಿಡದ ತೊಗಟೆ ಬಡಿದೇ ನಾವು ಬಟ್ಟೆ ಮಾಡೋದು. ಇಬ್ಬರೂ ಮರೆಯಲ್ಲಿ ಹಿಂಬಾಲಿಸಿದೆವು. ಅಕೇಸಾ ದೋಣಿಗಟ್ಟೆಯತ್ತ ತಿರುಗಲೇ ಇಲ್ಲ. ಗುಡ್ಡ ಹತ್ತಿ, ವಿಲಿಸೋನಿಯ ಪಾಳುಬಿದ್ದ ಹೊಲದಲ್ಲಿ ಕೂತು ಮರಿಗಳನ್ನು ನೆಡತೊಡಗಿದಳು. ಲೂಪೆ ಒಂದೊಂದೇ ಎತ್ತಿ ಕೊಡುತ್ತಿದ್ದಳು.

“ಅದು ಬಲಿಯೋಕೆ ಒಂದೂವರೆ ವರ್ಷ ಬೇಕಲ್ಲೇ” ಅಂದಳು ಅಕ್ಕ. ಆಮೇಲೆ ನನ್ನ ತೋಳು ಹಿಡಿದವಳು ಬಿಡಲೇ ಇಲ್ಲ.

ಮಧ್ಯಾಹ್ನ, ಯಾರಿಗೂ ಮುಟ್ಟಗೊಡದ ತನ್ನ ಅತ್ತೆಯ ಕಾಲದ, ತೊಗಟೆ ಬಡಿಯುವ ಕೊಡತಿಯನ್ನು ತಂದು ಸೊಸೆಯ ಮುಂದೆ ಹಿಡಿದಳು.

“ತಗೋ. ಮಾಲೋ ಗೀಲೋ ಅಂದ್ರೆ ಕಿತ್ಕೋತೀನಿ.”

“ನಮ್ಮನೆ ಕೊಡತಿ ತಾನೇ ಅತ್ತೆ, ಯಾಕನ್ನಲಿ?” ಅಂದವಳೇ ಅಕೇಸಾ ಮನೆಯಲ್ಲಿ ನೆನೆಹಾಕಿದ್ದ ತೊಗಟೆ ಹಾಸಿ ಬಡಿಯಲು ಕೂತಳು.

“ಮೆಲ್ಲಗೆ ಕಣೇ, ಹರಿದೀತು!” ಅಂತ ಬೈಯುತ್ತಲೇ ಅಕ್ಕ ಗೊಳೋ ಅಂತ ಅತ್ತಳು.