ಹುಸೇನಪೀರ ಮಾಸ್ತರರ ಬಹುವಚನ

ಮಲಪ್ರಭೆ ಕೆಲವು ಬೇಸಿಗೆಯಲ್ಲಿ ಬತ್ತಿದ್ದುಂಟು. ಹುಸೇನಪೀರ ಮಾಸ್ತರರ ಬಾಯಲ್ಲಿ ‘ರೀ’ ಬತ್ತಿದ್ದನ್ನು ಮಾತ್ರ ಕಂಡವರಿಲ್ಲ. ಬೈಲಹೊಂಗಲ ತಾಲೂಕಿನ ಚರಿತ್ರೆಯನ್ನು ಯಾರಾದರೂ ಸರಿಯಾಗಿ ಬರೆಯುವುದಾದರೆ ಒಂದು ಅಧ್ಯಾಯವನ್ನು ಸಂಪಗಾಂವ ರಸ್ತೆಯ ಎಮ್ಮೆಗೆ ಮೀಸಲಿಡಬೇಕು. ಆ ಎಮ್ಮೆ ರಸ್ತೆಯ ನಟ್ಟನಡುವೆ ಸಾಮ್ರಾಜ್ಞಿಯ ಹಾಗೆ ಮಲಗಿತ್ತು. ಲಾರಿಯವನು ಹಾರ್ನ್ ಒತ್ತಿ ಸೋತಿದ್ದ. ಕಬ್ಬಿನ ಗಾಡಿಯವರು ಅದರ ವಂಶವನ್ನೆಲ್ಲ ಜಾಲಾಡಿ ದಣಿದಿದ್ದರು. ಆಗ ಬಂದರು ನಮ್ಮ ಮಾಸ್ತರು. ಟೊಪಿಗೆ ಸರಿಮಾಡಿಕೊಂಡು, ಕೊಡೆಯನ್ನು ಕಂಕುಳಲ್ಲಿ ಅವುಚಿ, ‘ಸ್ವಲ್ಪ ಸರೀತೀರೇನ್ರಿ? ಸಾಲಿಗೆ ತಡಾ ಆಗೇತ್ರಿ’ ಎಂದರು. ಎಮ್ಮೆ ಎದ್ದಿತು. ಸರಿಯಿತು. ಸರಿದ ಮೇಲೆ ಒಮ್ಮೆ ತಲೆ ಬಾಗಿಸಿತು ಎಂದು ನೋಡಿದವರು ಈಗಲೂ ಆಣೆ ಮಾಡುತ್ತಾರೆ. ಜನ್ಮದಲ್ಲಿ ಮೊದಲ ಸಲ ಮರ್ಯಾದೆ ಸಿಕ್ಕ ಎಮ್ಮೆ ಇನ್ನೇನು ಮಾಡೀತು?

ಮಾಸ್ತರು ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ತೊಂಬತ್ತಾರನೆಯ ಇಸವಿ, ನಾವು ಹತ್ತನೆತ್ತ, ಅಂದರೆ ಹತ್ತನೆಯ ಇಯತ್ತೆ. ಮನೆಯಲ್ಲಿ ನಾವೆಲ್ಲ ‘ಲೇ’ಗಳು, ‘ಹುಚ್ಚಪ್ಯಾಲಿ’ಗಳು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಜುನೇದನನ್ನು ಅವನ ಅಪ್ಪ, ಟೆಂಪೊ ಓಡಿಸುವವರು, ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದದ್ದು ರಮಜಾನ್ ಹಬ್ಬಕ್ಕೊಮ್ಮೆ. ಅಂಥ ನಮಗೆ ಸಾಲಿಯ ಹೊಸ್ತಿಲು ದಾಟಿದ ಕೂಡಲೇ ಪಟ್ಟಾಭಿಷೇಕ. ‘ಬರ್ರಿ ಜುನೇದ ಅವ್ರ, ಕುಂದರ್ರಿ. ಮನಿ ಅಭ್ಯಾಸ ಮಾಡಿಲ್ಲಂದ್ರಿ? ಹಂಗಾದ್ರ ಕೈ ಚಾಚ್ರಿ.’ ಛಡಿ ಬೀಸುವಾಗಲೂ ಬಹುವಚನವೇ. ಏಟು ತಿಂದವನು ಶಾಲು ಹೊದಿಸಿಕೊಂಡವನ ಗತ್ತಿನಲ್ಲಿ ವಾಪಸು ಬರುತ್ತಿದ್ದ.

ಜುನೇದನಿಗೆ ಇಷ್ಟು ಮರ್ಯಾದೆ ಅರಗಲಿಲ್ಲ. ಉರುಸಿನಿಂದ ತಂದ ಬೆಂಡನ್ನು, ಆ ಉದ್ದನೆಯ ಬಿಳಿ ಸಕ್ಕರೆ ಮಿಠಾಯಿಯನ್ನು, ಒಂದು ಬೆಳಿಗ್ಗೆ ಖಡುವಿನ, ಅಂದರೆ ಸೀಮೆಸುಣ್ಣದ, ಡಬ್ಬಿಯಲ್ಲಿ ಇಟ್ಟುಬಿಟ್ಟ. ಮಾಸ್ತರು ಅದನ್ನೇ ತೆಗೆದುಕೊಂಡು ಬೋರ್ಡಿನ ತುಂಬ ಸಂಧಿ ಬಿಡಿಸಿದರು. ಬೋರ್ಡಿನ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ನಾವು ಬಾಯಿಗೆ ಕೈ ಒತ್ತಿಕೊಂಡು, ಈಗ ತಿರುಗುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆವು. ಮಾಸ್ತರು ತಿರುಗಲಿಲ್ಲ. ಬರೆದು ಮುಗಿಸಿ, ಖಾಲಿ ಬೋರ್ಡಿನ ಮೇಲೆ ಬೆರಳಾಡಿಸುತ್ತ, ಒಂದೊಂದೇ ಸಾಲನ್ನು ಹುಮ್ಮಸ್ಸಿನಿಂದ ಓದತೊಡಗಿದರು. ‘ಇಲ್ಲಿ ನೋಡ್ರಿ, ಊರು ಕೂಡ ಊರು, ಊರೂರು. ಉಕಾರ ಎಲ್ಲಿ ಹೋತ್ರಿ? ಲೋಪ ಆತು.’

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಜುನೇದ ತಲೆ ತಗ್ಗಿಸಿ ಬೆಂಚಿನ ಮೇಲೆ ಉಗುರಿನಿಂದ ಗೀರುತ್ತಿದ್ದ. ಹುಡುಗಿಯರ ಸಾಲಿನಿಂದ ಸುಚೇತಾ ಎದ್ದಳು. ಅವಳ ಅಕ್ಷರ ಇಡೀ ಸಾಲಿಯಲ್ಲೇ ಚೆಂದ. ‘ಸರ್, ನಾ ದೊಡ್ಡಕ್ಷರದಾಗ ಇನ್ನೊಮ್ಮೆ ಬರೀಲಿರಿ? ಹಿಂದಿನವ್ರಿಗೆ ಕಾಣವಲ್ದಂತ.’

‘ಬರೀರಿ ಬರೀರಿ’ ಎಂದರು ಮಾಸ್ತರು, ಬೆಂಡನ್ನು ಜೋಪಾನವಾಗಿ ಡಬ್ಬಿಯಲ್ಲಿಡುತ್ತ.

ಅವತ್ತು ಸೂಟಿಯಾದ ಮೇಲೆ ಬೇವಿನ ಗಿಡದ ಕೆಳಗೆ ಮಹಾಸಭೆ. ಮೊದಲ ಪ್ರಶ್ನೆ ಎತ್ತಿದವನು ನಾನು: ಮಾಸ್ತರು ಆ ಎಮ್ಮೆಗೆ ‘ರೀ’ ಅಂದದ್ದು ಎಮ್ಮೆ ಎಂದು ತಿಳಿದೋ, ಊರಗೌಡರು ಎಂದು ತಿಳಿದೋ? ಸುಚೇತಾ ಕಣ್ಣು ಕೆಂಪಗೆ ಮಾಡಿದಳು. ‘ನಮ್ಮಪ್ಪಗ ಕಲಿಸೂ ಮುಂದನೂ ರೀ ಅಂತಿದ್ರಂತ. ಆವಾಗ ಕಣ್ಣು ನೆಟ್ಟಗಿದ್ವು. ಬಾಯಿ ಮುಚ್ಚಲೇ ಶಾಣ್ಯಾ.’ ಮುಚ್ಚಿದೆ. ಎರಡನೆಯ ಪ್ರಶ್ನೆ ಎಲ್ಲರದೂ: ಇದು ಮೇಲಿನವರಿಗೆ ಗೊತ್ತಾದರೆ ಮಾಸ್ತರನ್ನು ಸಾಲಿಯಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಅಲ್ಲಿಂದ ಶುರುವಾಯಿತು ನಮ್ಮ ಗುಪ್ತ ಸರಕಾರ. ಬೋರ್ಡಿನ ಖಾತೆ ಸುಚೇತಾಳದು. ಉತ್ತರಪತ್ರಿಕೆಗಳನ್ನು ಓದಿ ಹೇಳುವವಳೂ ಅವಳೇ. ಮಾಸ್ತರು ಕಣ್ಣು ಮುಚ್ಚಿ ಕೇಳಿ ಅಂಕ ಹಾಕುವರು. ಬಾಗಿಲ ಕಾವಲು ಜುನೇದನದು. ಹೆಡ್‌ಮಾಸ್ತರು ಬಂದರೆ ಕೆಮ್ಮು, ಹೊರಗಿನವರು ಬಂದರೆ ಸೀನು. ಮಾಸ್ತರಿಗೆ ಏನೂ ತಿಳಿಸದೆ ಇಷ್ಟನ್ನೆಲ್ಲ ನಡೆಸಿದ್ದೇವೆ ಎಂದು ನಮಗೆ ಹೆಮ್ಮೆ. ಒಂದು ದಿನ ಪಾಠ ಮುಗಿದ ಮೇಲೆ ಅವರು ಪುಸ್ತಕ ಮಡಚುತ್ತ, ‘ಜುನೇದ ಅವ್ರ, ನಿಮ್ಮ ಕೆಮ್ಮು ಹೆಡ್‌ಮಾಸ್ತರ್ ಹೋದ ಕೂಡ್ಲೇ ಆರಾಮ ಆಗತೈತಿ. ಚೊಲೋ ಜಡ್ಡು’ ಎಂದರು.

ನಮ್ಮ ಸರಕಾರ ಆ ಕ್ಷಣಕ್ಕೇ ಉರುಳಿತು.

ಮಾಸ್ತರು ನಗುತ್ತಿದ್ದರು, ಆದರೆ ಕೈ ಮೇಜಿನ ಅಂಚನ್ನು ಬಿಟ್ಟಿರಲಿಲ್ಲ. ‘ಹುಬ್ಬಳ್ಳಿ ಡಾಕ್ಟರ್‌ಗೆ ತೋರಿಸೇನ್ರಿ. ಕಣ್ಣಿನ ನರ ಒಣಗಾಕ ಹತ್ತ್ಯಾವಂತ. ಚಾಳೀಸು ಹಾಕ್ಕೊಂಡ್ರೂ ಕಾಣೂದಿಲ್ಲಂತ. ಮಾರ್ಚತನಕ ಹಿಂಗ ನಡಸ್ರಿ. ನೀವು ಪರೀಕ್ಷಾ ಬರದ ಮ್ಯಾಲೆ ನಾನ ಅರ್ಜಿ ಕೊಟ್ಟು ಹೋಗತೇನಿ. ನಡುವ ಕೈಬಿಟ್ಟು ಹೋಗಾಕ ಮನಸ್ಸಿಲ್ಲ.’ ಮಡಚಿದ ಪುಸ್ತಕವನ್ನು ಕಂಕುಳಿಗೆ ಸೇರಿಸಿ ಮತ್ತೆ ಅಂದರು: ‘ರಾಮದುರ್ಗದ ಕಡೆ ನಮ್ಮೂರು ಸುರೇಬಾನಕ್ಕ ಹೋಗಿ ನಾ ಯಾರಿಗೆ ಸಂಧಿ ಬಿಡಿಸಿ ಹೇಳಲಿರಿ?’

ಮಾರ್ಚ್ ಇನ್ನೂ ದೂರವಿತ್ತು. ಅದಕ್ಕೂ ಮೊದಲು ಬಂತು ಇನ್‌ಸ್ಪೆಕ್ಷನ್.

ನಮ್ಮ ಹೆಡ್‌ಮಾಸ್ತರು ನಿಜಗುಣಪ್ಪನವರು. ಸಾಹೇಬರು ಎಂಬ ಶಬ್ದ ಕೇಳಿದರೆ ಕೂತಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳುವವರು. ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಅವರ ಚಿಂತೆಯೇ ಬೇರೆ. ನಮ್ಮ ವರ್ಗಕ್ಕೇ ಬಂದು ಮಾಸ್ತರಿಗೆ ಹೇಳಿದರು: ‘ಪೀರಸಾಹೇಬ್ರ, ನಾಳೆ ಒಂದ ದಿನ ಆ ರೀ ಬಿಡ್ರಿ. ಹುಡುಗ್ರಿಗೆ ಬರ್ರಿ ಹೋಗ್ರಿ ಅಂದ್ರ ಸಾಹೇಬ್ರು ನಗತಾರ. ಶಿಸ್ತು ಕಾಣಬೇಕು. ಲೇ ಅನ್ರಿ, ಲೇ.’

‘ಬಾಯಿಗೆ ಬರೂದಿಲ್ರಿ.’

‘ತರಸ್ರಿ.’

ಹೆಡ್‌ಮಾಸ್ತರು ಹೋದ ಮೇಲೆ ತಾಲೀಮು ನಡೆಯಿತು. ಉಸ್ತಾದ ಜುನೇದ, ಶಿಷ್ಯರು ಮಾಸ್ತರು.

‘ಸರ್, ನನಗ ಬೈರಿ.’

‘ಏನಂತ ಬೈಲಿರಿ?’

‘ಲೇ ಜುನೇದ್ಯಾ ಅನ್ರಿ.’

‘ಲೇ... ಜುನೇದ ಅವ್ರ.’

‘ಥೋ ಸರ್, ಕೆಡಿಸಿದ್ರಿ! ನಮ್ಮಪ್ಪನ್ನ ನೆನಸ್ಕೊಳ್ರಿ. ಟೆಂಪೊ ಪಂಚರ್ ಆಗೇತಿ, ನಾ ಜಾಕ್ ತರೂದು ಮರತೇನಿ. ಹೂಂ, ಬೈರಿ.’

ಸಂಜೆಯ ಹೊತ್ತಿಗೆ ಮಾಸ್ತರು ತಯಾರಾದರು. ‘ಏಳಲೇ’, ‘ಕುಂಡ್ರಲೇ’, ‘ಯಾವನಲೇ ಅವ’ ಎಲ್ಲ ಬಾಯಿಗೆ ಕೂತವು. ನಾವು ಚಪ್ಪಾಳೆ ತಟ್ಟಿದೆವು. ಮಾಸ್ತರು ನೀರು ಕುಡಿದು ಬಾಯಿ ಮುಕ್ಕಳಿಸಿದರು.

ಮರುದಿನ ಎರಡನೆಯ ತಾಸು. ಸುಚೇತಾ ಬೋರ್ಡ್ ತುಂಬಿಸಿಟ್ಟಿದ್ದಳು. ಪಾಠ ಪುರುಷ, ವಚನ. ಜುನೇದ ಮುಂದಿನ ಬಾಗಿಲಿಗೆ ಕಣ್ಣು ನೆಟ್ಟು ಸೀನು ಸಜ್ಜು ಮಾಡಿಕೊಂಡಿದ್ದ. ಸಾಹೇಬರು ಮುಂದಿನ ಬಾಗಿಲಿಗೆ ಬರಲೇ ಇಲ್ಲ. ಪಾಠ ತಪ್ಪದಿರಲಿ ಎಂಬ ಒಳ್ಳೆಯ ಬುದ್ಧಿಯಿಂದ ಹಿಂದಿನ ಬಾಗಿಲಲ್ಲಿ ಸದ್ದಿಲ್ಲದೆ ಬಂದು, ಏಳಲು ಹೋದವರನ್ನು ಕೈಸನ್ನೆಯಿಂದ ಕೂರಿಸಿ, ನಮ್ಮ ಬೆಂಚಿನ ತುದಿಯಲ್ಲಿ ಜುನೇದನ ಪಕ್ಕಕ್ಕೇ ಕೂತರು. ಜುನೇದ ಬೆಚ್ಚಿ ಸೀನಿದ. ಮತ್ತೆ ಮತ್ತೆ ಸೀನಿದ. ಸಾಹೇಬರು ಮೆಲ್ಲಗೆ, ‘ನೆಗಡಿ ಆಗೇತೇನ ತಮ್ಮಾ?’ ಎಂದರು.

ಮಾಸ್ತರು ಸೀನು ಕೇಳಿ ಜಾಗೃತರಾಗಿದ್ದರು. ಹೊರಗಿನವರು ಬಂದಿದ್ದಾರೆ, ಬಾಗಿಲಲ್ಲಿ ನಿಂತಿದ್ದಾರೆ. ಶಿಸ್ತು ಕಾಣಬೇಕು. ಅಂಥದರಲ್ಲಿ ಹಿಂದಿನ ಬೆಂಚಿನಿಂದ ಪಿಸುಮಾತು! ಮುಂದಿನ ಖಾಲಿ ಬಾಗಿಲಿಗೆ ತಲೆಬಾಗಿ ನಮಸ್ಕಾರ ಮಾಡಿ, ನಮ್ಮ ಬೆಂಚಿನ ಕಡೆ ತಿರುಗಿ ಗುಡುಗಿದರು:

‘ಯಾವನಲೇ ಅವ, ಹಿಂದ ಮಾತಾಡಾಂವ? ಏಳಲೇ ಮ್ಯಾಲೆ!’

ಅದು ಅವರ ಆಯುಷ್ಯದ ಮೊದಲ ಏಕವಚನ. ನೇರವಾಗಿ ಶಿಕ್ಷಣ ಇಲಾಖೆಯ ಎದೆಗೆ ಹೋಗಿ ನಾಟಿತು. ಸಾಹೇಬರು ಎದ್ದು ನಿಂತರು. ಎಂದೋ ಸಾಲಿಯಲ್ಲಿ ಕಲಿತ ರೂಢಿ, ಕಾಲುಗಳು ತಾವಾಗಿಯೇ ಎತ್ತಿ ನಿಲ್ಲಿಸಿದವು.

‘ಮಧ್ಯಮ ಪುರುಷಕ್ಕ ಒಂದು ಉದಾಹರಣೆ ಹೇಳಲೇ.’

‘ನಾನು...’ ಎಂದರು ಸಾಹೇಬರು, ತಾವು ಯಾರೆಂದು ಹೇಳಲು.

‘ನಾನು ಅಂದ್ರ ಉತ್ತಮ ಪುರುಷ! ಹತ್ತನೆತ್ತಕ್ಕ ಬಂದಿ, ಇಷ್ಟೂ ಗೊತ್ತಿಲ್ಲೇನಲೇ? ಕುಂಡ್ರಲೇ.’

ಇಂಥ ಮಾತಿಗೆ ಬೇರೆ ದಿನವಾದರೆ ಹಂಚು ಹಾರುವ ಹಾಗೆ ನಗುತ್ತಿದ್ದೆವು. ಅವತ್ತು ಒಬ್ಬರ ಉಸಿರೂ ಕೇಳಲಿಲ್ಲ. ಆ ಮೌನ ಮಾಸ್ತರಿಗೆ ಎಲ್ಲವನ್ನೂ ಹೇಳಿಬಿಟ್ಟಿತು. ಕೈ ಮೇಜನ್ನು ಹುಡುಕಿತು. ಸಿಗಲಿಲ್ಲ. ಸುಚೇತಾ ಓಡಿ ಹೋಗಿ ಮೇಜನ್ನೇ ಅವರ ಹತ್ತಿರಕ್ಕೆ ಎಳೆದಳು.

‘ಯಾರ್ರಿ ಅವ್ರು?’ ಎಂದರು ಮಾಸ್ತರು ಸಣ್ಣ ದನಿಯಲ್ಲಿ.

ಸಾಹೇಬರು ಕೆಟ್ಟವರಾಗಿದ್ದರೆ ನಮಗೆ ಸುಲಭವಿತ್ತು. ಶಾಪ ಹಾಕಿ ಸುಮ್ಮನಾಗುತ್ತಿದ್ದೆವು. ಅವರು ಬಂದು ಮಾಸ್ತರ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಮುಖದ ಮುಂದೆ ಕೈ ಆಡಿಸಿ ನೋಡಿ, ‘ಇದನ್ನ ಮ್ಯಾಲಿನವ್ರಿಗೆ ಬರದು ತಿಳಸಬೇಕಾಗತೈತ್ರಿ’ ಎಂದರು. ಜುನೇದ ಎದ್ದು ಕೈಮುಗಿದ. ‘ಸರ್, ಪರೀಕ್ಷಾತನಕ ಬಿಡ್ರಿ. ನಾವ ಎಲ್ಲಾ ನೋಡ್ಕೊಂತೇವಿ. ಇಲ್ಲೀತನಕ ನೋಡ್ಕೊಂಡೇವಿ.’

‘ಅದಕ್ಕ ಹೇಳಾಕ ಹತ್ತೇನಿ’ ಎಂದರು ಸಾಹೇಬರು. ‘ನಾಳೆ ಇವ್ರು ಮೆಟ್ಟಲ ಮ್ಯಾಲಿಂದ ಬಿದ್ರ ನೀ ಉತ್ತರಾ ಹೇಳತಿ? ಕಂಡ ಮ್ಯಾಲೆ ಕಂಡಿಲ್ಲಂತ ನಾ ಹೆಂಗ ಬರೀಲಿ?’

ಮಾಸ್ತರೇ ಎದ್ದು ನಿಂತರು. ‘ಸಾಹೇಬ್ರು ಹೇಳೂದು ಖರೇ ಐತ್ರಿ. ನೀವು ಕುಂದರ್ರಿ, ಜುನೇದ ಅವ್ರ.’

ಬೆಳಗಾವಿಯ ವೈದ್ಯರ ಮುಂದೆ ಹಾಜರಾಗಲು ಆದೇಶ ಬಂತು. ಅಲ್ಲಿ ಹೋಗಿ ಬಂದ ಮೇಲೆ ಮಾಸ್ತರು ಸಾಲಿಗೆ ಬರಲಿಲ್ಲ. ಬದಲಿ ಮಾಸ್ತರು ಬರುತ್ತಾರೆ ಎಂದರು, ಬರಲಿಲ್ಲ. ಕನ್ನಡದ ತಾಸಿನಲ್ಲಿ ಸುಚೇತಾ ಬೋರ್ಡಿನ ಮೇಲೆ ಬರೆಯುವಳು, ನಾವು ನೋಡುತ್ತ ಕೂರುವೆವು. ಗದ್ದಲ ಮಾಡಲು ಇಡೀ ತಾಸು ಸಿಕ್ಕಿತ್ತು. ಯಾರಿಗೂ ಮನಸ್ಸಾಗಲಿಲ್ಲ.

ಅವರು ಸಾಮಾನು ಕಟ್ಟಿಕೊಂಡು ಸುರೇಬಾನಕ್ಕೆ ಹೊರಟ ದಿನ ಇಡೀ ವರ್ಗ ಸಾಲಿ ತಪ್ಪಿಸಿ ಬೈಲಹೊಂಗಲದ ಬಸ್‌ಸ್ಟ್ಯಾಂಡಿಗೆ ಹೋಯಿತು. ಮಾಸ್ತರ ಹೆಂಡತಿ ಜುಬೇದಾಬಿಯವರು ಟ್ರಂಕಿನ ಮೇಲೆ ಕೂತು, ‘ಯಾಕ ಬಂದ್ರೆಪಾ ಇಷ್ಟ ಮಂದಿ? ಉಂಡೀರಿಲ್ಲೋ?’ ಎಂದು ಒಬ್ಬೊಬ್ಬರನ್ನೇ ಕೇಳಿದರು. ಜುನೇದ ಮಾಲೆ ಹಾಕಿದ. ಹಾಕಿ, ಹಿಂದಿನ ದಿನವಿಡೀ ಬಾಯಿಪಾಠ ಮಾಡಿದ್ದ ಭಾಷಣವನ್ನು ಶುರುಮಾಡಿದ. ಕಡಲೆ ಮಾರುವವರು, ಕಂಡಕ್ಟರುಗಳು, ಸಂತೆಯ ಗಂಟು ಹೊತ್ತವರು ಸುತ್ತ ನಿಂತರು.

‘ಪೂಜ್ಯ ಗುರುಗಳೇ! ಹೊರಗಿನ ಕಣ್ಣು ನಿಮಗೆ ಕೈಕೊಟ್ಟರೂ ಒಳಗಣ್ಣಿನಿಂದ ನಮ್ಮೆಲ್ಲರ ಅಂತರಂಗವನ್ನು ಕಂಡಿರಿ. ನಮ್ಮೊಳಗಿನ ಕತ್ತಲೆಗೆ ನೀವೇ...’ ಎನ್ನುವಷ್ಟರಲ್ಲಿ ಅವನು ಅಂಗಿಯ ತೋಳಿಗೆ ಮುಖ ಒತ್ತಿಕೊಂಡ. ಸುಚೇತಾ ಜಡೆಯ ರಿಬ್ಬನ್ನಿನ ತುದಿಯನ್ನು ಸೆರಗಿನಂತೆ ಹಿಡಿದು ಕಣ್ಣೊರೆಸಿಕೊಂಡಳು. ಕಡಲೆಯವನೂ ಮೂಗು ಸೆಳೆದ. ನಾವೆಲ್ಲ ಮಾಸ್ತರ ಬಾಯನ್ನೇ ನೋಡುತ್ತ ನಿಂತೆವು.

ಮಾಸ್ತರು ಮಾಲೆಯನ್ನು ಕೊರಳಿನಿಂದ ತೆಗೆದು ಜುಬೇದಾಬಿಯವರ ಕೈಗೆ ಕೊಟ್ಟರು. ಎಂಜಿನ್ನಿನ ಸದ್ದು ಬಂದ ದಿಕ್ಕಿಗೆ ಮುಖ ತಿರುಗಿಸಿದರು.

‘ಅಂತರಂಗ ಗಿಂತರಂಗ ಏನೂ ಕಂಡಿಲ್ರೆಪಾ. ಬಂದದ್ದು ರಾಮದುರ್ಗದ ಬಸ್ ಐತೇನ ಒಂದೀಟು ಬೋರ್ಡ್ ಓದ್ರಿ. ಹ್ವಾದವಾರ ನಾ ಧಾರವಾಡದ್ದು ಹತ್ತಿ ಕುಂತಿದ್ದೆ.’